ಸಿಗ್ನಲ್ ಫುಲ್, ಆದರೂ ನೆಟ್ ನಿಧಾನ: ಸರಿ ಮಾಡಿದ್ದು ಹೀಗೆ

ಫೋನ್‌ನಲ್ಲಿ ವೈಫೈ ಕಡ್ಡಿಗಳೆಲ್ಲ ತುಂಬಿರುತ್ತಿದ್ದವು. ಆದರೆ ಸಂಜೆಯಾದರೆ ಸಾಕು, ವಿಡಿಯೋ ಸುತ್ತುತ್ತಲೇ ಇರುತ್ತಿತ್ತು. ರೂಟರ್‌ಗೆ ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಪೂರ್ತಿ ಸ್ಪೀಡ್! ಅಂದರೆ ತೊಂದರೆ ಲೈನಿನದ್ದಲ್ಲ, ವೈಫೈದು.

ಒಂದು ವೈಫೈ ಅನಲೈಸರ್ ಆಪ್ ಹಾಕಿಕೊಂಡೆ. ಅದರಲ್ಲಿ ಎಸ್‌ಎಸ್‌ಐಡಿ ಅಂತ ಬರುವುದು ಸುಮ್ನೆ ನೆಟ್‌ವರ್ಕಿನ ಹೆಸರು. ಡಿಬಿಎಂ ಅನ್ನುವುದು ಸಿಗ್ನಲ್ಲಿನ ಬಲ. ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ನನ್ನದು -48, ಚೆನ್ನಾಗಿಯೇ ಇತ್ತು. ಎಡವಟ್ಟು ಇದ್ದದ್ದು ಚಾನೆಲ್‌ನಲ್ಲಿ, ಅಂದರೆ ರೂಟರ್ ಸಿಗ್ನಲ್ ಕಳಿಸುವ ದಾರಿಯಲ್ಲಿ. 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ (ವೈಫೈ ಬಳಸುವ ಒಂದು ತರಂಗಪಟ್ಟಿ) ಚಾನೆಲ್‌ಗಳ ನಡುವೆ ಬರೀ 5 ಮೆಗಾಹರ್ಟ್ಸ್ ಅಂತರ, ಆದರೆ ಒಂದೊಂದು ಸಿಗ್ನಲ್ಲೂ ಸುಮಾರು 20 ಮೆಗಾಹರ್ಟ್ಸ್ ಜಾಗ ತಿನ್ನುತ್ತದೆ, ಹಾಗಾಗಿ ಒಂದರ ಮೇಲೊಂದು ಬೀಳದ ಹಾಗೆ ಬಳಸಲು ಸಾಮಾನ್ಯವಾಗಿ 1, 6, 11 ಈ ಮೂರನ್ನೇ ಆರಿಸುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಜನ 6ರಲ್ಲೇ ಕೂತಿದ್ದರು, ನನ್ನ ರೂಟರ್ ಕೂಡ.

ಬ್ರೌಸರ್‌ನಲ್ಲಿ ರೂಟರ್ ಪೇಜ್ ತೆರೆದೆ. ವಿಳಾಸ ಬೇಕಾದರೆ ರೂಟರ್ ತಳದ ಸ್ಟಿಕರ್ ನೋಡಿ, ಪಾಸ್‌ವರ್ಡೂ ಹೆಚ್ಚಾಗಿ ಅಲ್ಲೇ ಇರುತ್ತದೆ. ಚಾನೆಲ್ ಆಟೋ ತೆಗೆದು 11 ಇಟ್ಟೆ, ವಿಡ್ತ್, ಅಂದರೆ ಸಿಗ್ನಲ್ ತಿನ್ನುವ ಜಾಗ, 40 ಮೆಗಾಹರ್ಟ್ಸ್‌ನಿಂದ 20ಕ್ಕೆ ಇಳಿಸಿದೆ. ವಿಡ್ತ್ ಇಳಿಸಿದರೆ ಸ್ಪೀಡ್ ಕಡಿಮೆ ಆಗಲ್ವಾ? ಲೆಕ್ಕದಲ್ಲಿ ಹೌದು. ಆದರೆ ಇಷ್ಟೊಂದು ರೂಟರ್ ಇರುವ ಕಡೆ 40 ಇಟ್ಟರೆ ಅಕ್ಕಪಕ್ಕದವರ ಜೊತೆ ಡಿಕ್ಕಿ ಜಾಸ್ತಿ, ಅಷ್ಟೇ.

ಟಿವಿ ರೂಟರ್ ಪಕ್ಕದಲ್ಲೇ ಇದೆ, ಅದನ್ನು ವೈಫೈನ ಇನ್ನೊಂದು ಬ್ಯಾಂಡ್ ಆದ 5 ಗಿಗಾಹರ್ಟ್ಸ್‌ಗೆ ಹಾಕಿದೆ. ಅದರಲ್ಲಿ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ಒಳರೂಮಿನ ಪ್ರಿಂಟರ್ 2.4ರಲ್ಲೇ ಇದೆ. ಈಗ ಸಂಜೆಯೂ ವಿಡಿಯೋ ನಿಲ್ಲದೆ ಓಡುತ್ತಿದೆ.