ಒಂದೇ ಆಪರೇಷನ್, ಎರಡು ಚೀಟಿ

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಔಷಧಿ ಸ್ಟೋರ್ ನೋಡಿಕೊಳ್ಳುವ ಕೆಲಸ ನನ್ನದು. ಚೀಟಿ ಕೈಗೆ ಬಂದ ಕೂಡಲೇ ಇದು ಕ್ಯಾಶ್ ಪೇಷಂಟೋ, ಕಾರ್ಡ್ ಪೇಷಂಟೋ ಅಂತ ಹೆಸರು ನೋಡದೆಯೇ ಹೇಳುತ್ತಿದ್ದೆ.

ಲೆಕ್ಕ ಸುಲಭ. ರೊಕ್ಕ ಕೊಡುವವರಿಗೆ ಬರೆದ ಔಷಧಿಯ ಎಂಆರ್‌ಪಿ ಜಾಸ್ತಿ ಇದ್ದಷ್ಟೂ ಆಸ್ಪತ್ರೆಗೆ ಲಾಭ. ಸರ್ಕಾರವೇ ಖರ್ಚು ಕೊಡುವ ಆಯುಷ್ಮಾನ್ ಕಾರ್ಡಿನಲ್ಲಿ ಇದು ಉಲ್ಟಾ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕೈ ಕಟ್ಟುವುದು ಅದಲ್ಲ, ಒಂದೊಂದು ಚಿಕಿತ್ಸೆಗೆ ಗೊತ್ತು ಮಾಡಿದ ಪ್ಯಾಕೇಜ್ ದರ. ಬೆಡ್, ಟೆಸ್ಟ್, ಔಷಧಿ ಎಲ್ಲ ಅದರೊಳಗೇ ಆಗಬೇಕು. ಅಲ್ಲಿ ಒಂದೊಂದು ಇಂಜೆಕ್ಷನ್ನೂ ಖರ್ಚೇ. ಹಾಗಾಗಿ ಒಬ್ಬರೇ ಡಾಕ್ಟರ ಕೈಯಿಂದ ಆಸಿಡಿಟಿಯ ಅದೇ ಪ್ಯಾಂಟೊಪ್ರಜೋಲ್ ಎರಡು ಬ್ರ್ಯಾಂಡಿನಲ್ಲಿ ಬರುತ್ತಿತ್ತು.

ಒಂದು ಭಾನುವಾರ ಹಳೇ ಚೀಟಿ ಹರವಿಕೊಂಡು ಕೂತೆ. ಬರೀ ಹರ್ನಿಯಾ ಆಪರೇಷನ್ನಿನವು. ಗಾಯಕ್ಕೆ ಸೋಂಕು ತಗಲದಿರಲಿ ಅಂತ ಕೊಡುವ ಆಂಟಿಬಯಾಟಿಕ್ ಇಂಜೆಕ್ಷನ್ ನೋಡಿದೆ. ಕ್ಯಾಶ್ ಆದರೆ ಸೆಫ್ಟ್ರಿಯಾಕ್ಸೋನ್ ಐದು ದಿನ. ಕಾರ್ಡ್ ಆದರೆ ಸೆಫಜೋಲಿನ್ ಒಂದೇ ಡೋಸ್. ಮೊದಲು ಸಿಟ್ಟು ಬಂತು. ಆಮೇಲೆ ನಗು. ಯಾಕಂದರೆ ಸರಿಯಾದ ಚೀಟಿ ಕಾರ್ಡಿನವರದ್ದೇ! ಇಂಥ ಆಪರೇಷನ್‌ಗೆ ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಕೊಟ್ಟ ಡೋಸ್ ಸಾಕು. ಸರ್ಜನ್‌ರನ್ನು ಕೇಳಿದರೆ, "ರೊಕ್ಕಾ ಕೊಟ್ಟವರು ಒಂದ ಇಂಜೆಕ್ಷನ್ ಅಂದ್ರ ನಂಬೂದಿಲ್ರಿ" ಅಂದರು.

ಪ್ಯಾಕೇಜ್ ದರ ಕಾರ್ಡಿನವರನ್ನು ಕಚ್ಚುವುದು ಡಿಸ್ಚಾರ್ಜ್ ದಿನ. ಮನೆಗೆ ಹೋದ ಮೇಲಿನ 15 ದಿನದ ಔಷಧಿಯೂ ಪ್ಯಾಕೇಜಿನಲ್ಲೇ ಸೇರಿದೆ. ನಮ್ಮಲ್ಲಿ ಐದು ದಿನದ್ದು ಕೊಟ್ಟು ಕಳಿಸುತ್ತಿದ್ದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ಅಣ್ಣಿಗೇರಿ ಕಡೆಯ ಅಜ್ಜ ಒಬ್ಬರು ತಿಂಗಳ ಮೇಲೆ ಬಂದು, ಅಂಗಿ ಕಿಸೆಯಿಂದ ಖಾಲಿ ಸ್ಟ್ರಿಪ್ ತೆಗೆದು ಕೌಂಟರ್ ಮೇಲಿಟ್ಟರು. "ಗುಳಿಗಿ ಮುಗದಾವ್ರಿ. ಆರಾಮ ಅದೀನಿ." ಅದು ಕ್ಲೊಪಿಡೊಗ್ರೆಲ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ. ಆಸ್ಪಿರಿನ್ ಜೊತೆ ತಿಂಗಳುಗಟ್ಟಲೆ ನುಂಗಬೇಕಾದದ್ದು. ಮಧ್ಯೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಅಜ್ಜನ ಪುಣ್ಯ, ಏನೂ ಆಗಿರಲಿಲ್ಲ.

ಅವತ್ತಿನಿಂದ ಕಾರ್ಡಿನವರ ಚೀಲ ನಾನೇ ತುಂಬುತ್ತೇನೆ, ಎಣಿಸಿ 15 ದಿನದ್ದು. ಮೇಲೆ ಕನ್ನಡದಲ್ಲಿ ದಪ್ಪಕ್ಷರದ ಚೀಟಿ: ಈ ಗುಳಿಗೆ ಇಂಥ ತಾರೀಖಿಗೆ ಮುಗಿಯುತ್ತದೆ, ನಿಲ್ಲಿಸಬೇಡಿ, ಮುಂದಿನದು ಜನೌಷಧಿ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ. ಮ್ಯಾನೇಜರ್ ಸ್ವಲ್ಪ ಗೊಣಗಿದರು. ಜನರಿಕ್ ಖರೀದಿ ದರ ತೋರಿಸಿದೆ, ಸುಮ್ಮನಾದರು.

ಎರಡೂ ಕಡೆಗೆ ಒಂದೇ ಔಷಧಿ ಪಟ್ಟಿ ಮಾಡೋಣ ಅಂದದ್ದು ಮಾತ್ರ ನಡೆಯಲಿಲ್ಲ. ಕ್ಯಾಶ್ ವಾರ್ಡಿನಲ್ಲಿ ಸೆಫ್ಟ್ರಿಯಾಕ್ಸೋನ್ ಐದರಿಂದ ಮೂರು ದಿನಕ್ಕೆ ಇಳಿದು ನಿಂತಿದೆ.