ಸಾರ್ವಜನಿಕ ಶೌಚಾಲಯದ ನೆಲದ ಟ್ರ್ಯಾಪ್: ನನ್ನ ಅನುಭವ

ಆರು ಯೂರಿನಲ್, ನಾಲ್ಕು ಕಮೋಡ್ ಮತ್ತು ಮೂರು ವಾಶ್ ಬೇಸಿನ್‌ಗಳಿದ್ದ ಒಂದು ಸಾರ್ವಜನಿಕ ಶೌಚಾಲಯದ ದುರ್ನಾತದ ದೂರು ನನ್ನ ಬಳಿಗೆ ಬಂದಾಗ, ಕಟ್ಟಡದವರು ಮೊದಲು ನನ್ನ ಕೈಗಿತ್ತದ್ದು ತಪಾಸಣೆ ಮುಗಿದು ಸಹಿ ಬಿದ್ದಿದ್ದ ನಕ್ಷೆಯನ್ನು. ಬೆರಳಿಟ್ಟು ತೋರಿಸಬಹುದಾದ ತಪ್ಪು ಅದರಲ್ಲಿ ಒಂದೂ ಇರಲಿಲ್ಲ. ನೆಲದ ಟ್ರ್ಯಾಪಿಗೆ, ಅಂದರೆ ಜಾಲರಿಯ ಕೆಳಗೆ ಸದಾ ಸ್ವಲ್ಪ ನೀರು ನಿಲ್ಲುವ ಬಾಗಿದ ಕೊಳವೆಗೆ, 50 ಮಿ.ಮೀ. ವಾಟರ್ ಸೀಲ್ (ಚರಂಡಿಯ ಗಾಳಿಯನ್ನು ತಡೆಯುವ ಆ ನಿಂತ ನೀರು) ಇತ್ತು, ಗಾಳಿಯಾಡಲು ವೆಂಟ್ ಪೈಪುಗಳಿದ್ದವು, ಪೈಪಿನ ವಾಟ ಕೋಡ್ (ಕೊಳಾಯಿ ಕೆಲಸದ ನಿಯಮಾವಳಿ) ಕೇಳಿದಷ್ಟಿತ್ತು. ಆದರೂ ಬಾಗಿಲು ತೆರೆದರೆ ಕಣ್ಣುರಿಸುವ ಅಮೋನಿಯಾ, ಅದರ ಹಿಂದೆಯೇ ಒಳಚರಂಡಿಯ ಗಾಳಿ.

ಈ ಎರಡು ವಾಸನೆಗಳ ಮೂಲ ಬೇರೆಬೇರೆ ಇರಬೇಕೆಂದು ನನಗೆ ಅನ್ನಿಸಿತು. ಯೂರಿನಲ್‌ಗಳ ಕೆಳಗೆ ಒಂದು ಬಕೆಟ್ ನೀರು ಸುರಿದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದೆ. ನೀರು ಕೋಣೆಯ ನಡುವಿನ ಜಾಲರಿಯ ಕಡೆಗೆ ಒಂದು ಗೇಣು ಸರಿದು, ಮನಸ್ಸು ಬದಲಿಸಿದಂತೆ ಗೋಡೆಯ ಬುಡಕ್ಕೆ ಹಿಂದಿರುಗಿ ಅಲ್ಲಿಯೇ ನಿಂತಿತು. ಟೈಲ್ಸ್ ಹಾಕಿದವರು ಬಾಗಿಲಿನ ಮಟ್ಟವನ್ನು ಹಿಡಿದು ಬಂದಿದ್ದರಿಂದ ಜಾಲರಿ ಸುತ್ತಲಿನ ನೆಲಕ್ಕಿಂತ ತುಸು ಎತ್ತರದಲ್ಲಿತ್ತು. ನೆಲದಲ್ಲೊಂದು ಟ್ರ್ಯಾಪ್ ಇರಬೇಕೆಂಬ ನಿಯಮ ಪಾಲನೆಯಾಗಿತ್ತು. ನೀರು ಬೀಳುವುದು ಎಲ್ಲಿ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಜಾಲರಿ ಎತ್ತಿ ಬಿದಿರಿನ ಕಡ್ಡಿಯೊಂದನ್ನು ಇಳಿಸಿದೆ. ತುದಿ ಒಣಗಿಯೇ ಹೊರಬಂದಿತು. ಟ್ರ್ಯಾಪನ್ನು ತುಂಬಿಸಿ, ಕಡ್ಡಿಗೆ ಗುರುತು ಹಾಕಿ ಹತ್ತು ದಿನ ಅಳೆದಾಗ ದಿನಕ್ಕೆ ಸುಮಾರು ಒಂದೂವರೆ ಮಿ.ಮೀ. ನೀರು ಆವಿಯಾಗುತ್ತಿದ್ದುದು ತಿಳಿಯಿತು. ಅಂದರೆ, ಹೊಸ ನೀರು ಸೇರದಿದ್ದರೆ 50 ಮಿ.ಮೀ. ಸೀಲ್ ಒಂದು ತಿಂಗಳ ಆಸುಪಾಸಿನಲ್ಲಿ ಮುಗಿದು, ಚರಂಡಿಯ ಗಾಳಿಗೆ ದಾರಿ ತೆರೆಯುತ್ತದೆ. ಇದನ್ನು ತಡೆಯಲೆಂದೇ ಇರುವ, ಟ್ರ್ಯಾಪಿಗೆ ಆಗಾಗ ತಾನಾಗಿ ನೀರು ಸೇರಿಸುವ ಟ್ರ್ಯಾಪ್ ಪ್ರೈಮರ್ ನಕ್ಷೆಯಲ್ಲೂ ಇತ್ತು, ಗೋಡೆಯಲ್ಲೂ ಇತ್ತು. ಆದರೆ ಅದರ ಮೇಲೆ ಟೈಲ್ಸ್ ಹಾಕಿ ಮುಚ್ಚಿದ್ದರು. ಒಳಗೆ ಅದು ಕಸ ಕಟ್ಟಿ ಯಾವಾಗ ನಿಂತುಹೋಯಿತೋ, ಕಟ್ಟಡದವರಿಗೆ ಅಂತಹದೊಂದು ಸಾಧನ ಇರುವುದೇ ಗೊತ್ತಿರಲಿಲ್ಲ.

ಬಾಗಿಲ ಬಳಿಯ ಬೇಸಿನ್ನಿನ ನೀರನ್ನು ಜಾಲರಿಯ ಕೆಳಗಿನಿಂದ ಆ ಟ್ರ್ಯಾಪಿಗೇ ಬಿಡುವುದೆಂದು ನಿರ್ಧರಿಸಿದೆ. ಯಾರೇ ಕೈ ತೊಳೆದರೂ ಸೀಲ್ ತುಂಬುತ್ತದೆ, ಕೆಡುವಂತಹ ಸಾಧನ ಯಾವುದೂ ನಡುವೆ ಇರುವುದಿಲ್ಲ. ತಪಾಸಣೆಯವರ ಆಕ್ಷೇಪ ನಿರೀಕ್ಷಿಸಿದಂತೆಯೇ ಬಂದಿತು: ಬೇಸಿನ್ನಿಗೆ ಈಗಾಗಲೇ ಒಂದು ಟ್ರ್ಯಾಪ್ ಇದೆ, ಒಂದೇ ಉಪಕರಣಕ್ಕೆ ಎರಡು ಟ್ರ್ಯಾಪ್ ಕೂಡದು. ಈ ನಿಯಮ ಅರ್ಥಹೀನವಲ್ಲ. ಎರಡು ವಾಟರ್ ಸೀಲ್‌ಗಳ ನಡುವೆ ಸಿಕ್ಕಿಬಿದ್ದ ಗಾಳಿಗೆ ಹೊರದಾರಿ ಇಲ್ಲದಿದ್ದರೆ ನೀರು ತಡವರಿಸಿ ಹರಿಯುತ್ತದೆ. ನಮ್ಮ ಜೋಡಣೆಯಲ್ಲಾದರೋ ಪೈಪಿನ ತುದಿ ಟ್ರ್ಯಾಪಿನ ನೀರಿನ ಮಟ್ಟಕ್ಕಿಂತ ಮೇಲಿದ್ದು, ತಲೆಯ ಮೇಲೆ ತೆರೆದ ಜಾಲರಿ ಇರುವುದರಿಂದ ಗಾಳಿ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ. ಅಡ್ಡಕೊಯ್ತದ ಚಿತ್ರ ಬರೆದು ಇದನ್ನು ವಿವರಿಸಿ, ಲಿಖಿತ ಒಪ್ಪಿಗೆ ಬಂದ ಮೇಲೆಯೇ ನೆಲ ಒಡೆದೆ. ಒಪ್ಪಿಗೆಯಿಲ್ಲದೆ ಮಾಡಿ ಮುಚ್ಚಿಬಿಡೋಣ ಎಂದು ಜೊತೆಯವರೊಬ್ಬರು ಹೇಳಿದ್ದರು. ಟೈಲ್ಸ್ ಹಿಂದೆ ಅಡಗಿದ್ದ ಪ್ರೈಮರನ್ನು ಕಂಡ ಮೇಲೆ ಅಂತಹ ಕೆಲಸಕ್ಕೆ ನನಗೆ ಮನಸ್ಸಾಗಲಿಲ್ಲ.

ಅಮೋನಿಯಾದ ಮೂಲ ಯೂರಿನಲ್‌ಗಳ ಪೈಪಿನಲ್ಲಿತ್ತು. 50 ಮಿ.ಮೀ. ಪೈಪನ್ನು ಕತ್ತರಿಸಿದಾಗ ಒಳಗೆ ಹೆಬ್ಬೆರಳು ತೂರುವಷ್ಟು ಜಾಗ ಮಾತ್ರ ಉಳಿದಿತ್ತು. ಉಳಿದದ್ದೆಲ್ಲ ಹಳದಿ ಮಿಶ್ರಿತ ಕಂದು ಬಣ್ಣದ ಗಟ್ಟಿ ಪೊರೆ. ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದಾಗ ಅಮೋನಿಯಾ ಹುಟ್ಟಿ ಕ್ಷಾರತೆ ಏರುತ್ತದೆ, ಆಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಫಾಸ್ಫೇಟ್‌ಗಳು ಪೈಪಿನ ಗೋಡೆಗೆ ಕಲ್ಲಿನಂತೆ ಕಟ್ಟುತ್ತವೆ. ನೀರು ಉಳಿಸುವ ಫ್ಲಶ್ ಹಾಕಿದ್ದರಿಂದ ಅದನ್ನು ತೊಳೆದೊಯ್ಯುವಷ್ಟು ನೀರೂ ಪೈಪಿನಲ್ಲಿ ಹರಿಯುತ್ತಿರಲಿಲ್ಲ. ನನಗಿಂತ ಮೊದಲು ಬಂದಿದ್ದ ಗುತ್ತಿಗೆದಾರರು 100 ಮಿ.ಮೀ. ಪೈಪ್ ಹಾಕಲು ಸೂಚಿಸಿದ್ದರು. ಕೋಡ್ ಅದನ್ನು ತಡೆಯುವುದಿಲ್ಲ, ಆದರೆ ದೊಡ್ಡ ಪೈಪಿನಲ್ಲಿ ಅಷ್ಟು ಅಲ್ಪ ನೀರು ತಳದಲ್ಲಿ ತೆಳುವಾಗಿ ಹರಡಿ ಇನ್ನೂ ನಿಧಾನವಾಗುತ್ತದೆ. ಪೈಪಿನ ಅಳತೆಗೆ ಬಳಸುವ ಫಿಕ್ಸ್‌ಚರ್ ಯೂನಿಟ್ ಲೆಕ್ಕದ (ಪ್ರತಿ ಉಪಕರಣದ ನೀರಿನ ಹೊರೆಗೆ ಒಂದೊಂದು ಅಂಕ ಕೊಡುವ ಲೆಕ್ಕ) ಹಿಂದಿರುವುದು ಅಮೆರಿಕದ ರಾಯ್ ಹಂಟರ್ 1940ರಲ್ಲಿ ಪ್ರಕಟಿಸಿದ ವಿಧಾನ. ಆಗಿನ ಫ್ಲಶ್‌ಗಳು ಇಂದಿನವುಗಳಂತೆ ನೀರಿಗೆ ಜಿಪುಣತನ ಮಾಡುತ್ತಿರಲಿಲ್ಲ.

ಆದ್ದರಿಂದ ಪೈಪಿನ ಅಳತೆಯನ್ನು ಹಾಗೆಯೇ ಉಳಿಸಿಕೊಂಡು, ಉಳಿದೆರಡು ಬೇಸಿನ್‌ಗಳನ್ನು ಯೂರಿನಲ್ ಸಾಲಿನ ಮೇಲ್ತುದಿಗೆ ಸೇರಿಸಿದೆ. ಸೋಪಿನ ನೀರು ಈಗ ದಿನವಿಡೀ ಆ ಪೈಪನ್ನು ತೊಳೆಯುತ್ತದೆ. 1:48 (48 ಅಡಿಗೆ ಒಂದು ಅಡಿ ಇಳಿತ) ಇದ್ದ ವಾಟವನ್ನು 1:30ಕ್ಕೆ ಏರಿಸಿದೆ. ವಾಟ ಹೆಚ್ಚಾದರೆ ನೀರು ಮುಂದೋಡಿ ಮಲ ಹಿಂದುಳಿಯುತ್ತದೆ ಎಂಬ ಮೇಸ್ತ್ರಿಗಳ ಮಾತು ಘನ ಪದಾರ್ಥವೇ ಬರದ ಈ ಸಾಲಿಗೆ ಅನ್ವಯಿಸದು. ಮೇಲ್ತುದಿಯಲ್ಲಿ, ಕೈಗೆ ಸಿಗುವ ಎತ್ತರದಲ್ಲಿ, ಒಂದು ಕ್ಲೀನೌಟ್ (ಪೈಪಿನ ಒಳಗನ್ನು ಶುಚಿಗೊಳಿಸಲು ತೆರೆಯಬಹುದಾದ ಬಾಯಿ) ಬಿಟ್ಟೆ. ಯೂರಿನಲ್ ಕೆಳಗಿನ ಟೈಲ್ಸ್ ಕಿತ್ತು, ನೆಲದ ವಾಟವನ್ನು ಜಾಲರಿಯ ಕಡೆಗೆ ತಿರುಗಿಸಿ ಮತ್ತೆ ಹಾಸಿದೆವು.

ನಾಲ್ಕು ತಿಂಗಳ ನಂತರ ಅದೇ ಕಡ್ಡಿಯನ್ನು ಇಳಿಸಿದಾಗ ನೀರು ಮೇಲಿನ ಗುರುತಿನಲ್ಲಿಯೇ ಇತ್ತು. ಗಾಲಿಕುರ್ಚಿಯ ಶೌಚಾಲಯದ ಮೂಲೆಯಲ್ಲಿ ಮಾತ್ರ ತೊಳೆದ ನೀರು ಈಗಲೂ ಸ್ವಲ್ಪ ನಿಲ್ಲುತ್ತದೆ. ಅಲ್ಲಿ ನೆಲದ ವಾಟ 1:48 ಮೀರಿದರೆ ಕುರ್ಚಿ ತಾನಾಗಿ ಜರುಗುವ ಅಪಾಯವಿರುವುದರಿಂದ ಆ ಮಿತಿಯನ್ನು ನಾನು ಮುಟ್ಟಲಿಲ್ಲ. ಶುಚಿಗೊಳಿಸುವವರು ಆ ಮೂಲೆಯನ್ನು ರಬ್ಬರ್ ವೈಪರ್‌ನಿಂದ ಎಳೆದು ಒಣಗಿಸುತ್ತಾರೆ.