ಪಾಟಿಚೀಲ ಹೆಗಲಿನಿಂದ ಇಳಿಯುವವರೆಗೆ

ಹೊಸ ಶಾಲೆ ಮಗುವಿಗೆ ತನ್ನದೆನಿಸಿದೆಯೇ ಎಂದು ತಿಳಿಯಲು, ಚಿತ್ರದುರ್ಗ ಜಿಲ್ಲೆಯಲ್ಲಿ ಪಾಠ ಮಾಡಿದಷ್ಟು ವರ್ಷವೂ ನಾನು ನೋಡುತ್ತಿದ್ದುದು ಅದರ ಪಾಟಿಚೀಲವನ್ನು. ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಬಾಗಿಲ ಕಡೆಗೇ ಮುಖ ಮಾಡಿ ಕೂರುವ ಮಗು ಮನಸ್ಸಿನಲ್ಲಿ ಇನ್ನೂ ಹೊರಟೇ ನಿಂತಿರುತ್ತದೆ. ದಾವಣಗೆರೆ, ಚಿತ್ರದುರ್ಗದ ಶಾಲೆಗಳಿಗೆ ವರ್ಷದ ನಡುವೆ ಬಂದು ಹೋಗುವ ಇಂಥ ಮಕ್ಕಳು ಅಪರೂಪವಲ್ಲ. ದಸರಾ ರಜೆ ಮುಗಿದು ಮಲೆನಾಡಿನಲ್ಲಿ ಕಾಫಿ ಕೊಯ್ಲು ಹತ್ತಿರವಾದಂತೆ ತಾಂಡಾಗಳಿಂದ ಕುಟುಂಬಗಳು ಹೊರಡುತ್ತವೆ. ಕುರಿ ಹಿಂಡಿನ ಹಿಂದೆ ಹೋಗುವವರಿದ್ದಾರೆ, ಕಬ್ಬು ಕಡಿಯಲು ಹೋಗುವವರಿದ್ದಾರೆ. ಪೊಲೀಸ್, ಬ್ಯಾಂಕ್ ನೌಕರರ ಮಕ್ಕಳ ಪಾಡು ಬೇರೆಯಾದರೂ ಮೊದಲ ದಿನದ ಅಳುಕು ಅವರಿಗೂ ಅದೇ.

ಮೊದಲು ಆಗಬೇಕಾದುದು ದಾಖಲಾತಿ. ವರ್ಗಾವಣೆ ಪತ್ರ ಬಂದಿಲ್ಲವೆಂದು ಮಗುವನ್ನು ವಾರಗಟ್ಟಲೆ 'ಸುಮ್ಮನೆ ಕೂರಿಸಿಕೊಳ್ಳುವ' ರೂಢಿ ಅಲ್ಲಲ್ಲಿ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಪತ್ರ ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆಯು ದಾಖಲಾತಿಯನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಹಳೆಯ ಶಾಲೆಯ ಮುಖ್ಯ ಶಿಕ್ಷಕರು ಪತ್ರವನ್ನು ಕೂಡಲೇ ಕೊಡಬೇಕು. ಪೋಷಕರು ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು (ಶಿಕ್ಷಣ ಇಲಾಖೆಯ ಗಣಕ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ. ಹಾಜರಿ ಕೂಗುವಾಗ ತನ್ನ ಹೆಸರು ಬಾರದಿದ್ದರೆ, ಆ ಮಗು ದಿನಕ್ಕೊಮ್ಮೆ ತಾನು ಹೊರಗಿನವನೆಂದು ಕೇಳಿಸಿಕೊಂಡಂತೆಯೇ ಸರಿ.

ಹೆಸರಿನ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಮೂರನೇ ತರಗತಿಗೆ ನಡುವೆ ಸೇರಿದ ಹುಡುಗನೊಬ್ಬನನ್ನು, ಹೆಸರು ನಾಲಿಗೆಗೆ ಹೊರಳದೆ, 'ಏ ಹೊಸಬ' ಎಂದು ಕರೆಯುತ್ತಿದ್ದೆ. ಮಕ್ಕಳೂ ಅದನ್ನೇ ಹಿಡಿದರು. ನಾಲ್ಕು ತಿಂಗಳ ನಂತರ ಅವನು ಊರು ಬಿಟ್ಟಾಗಲೂ ನಮ್ಮ ಬಾಯಲ್ಲಿ ಅವನು ಹೊಸಬನೇ ಆಗಿದ್ದ. ಆದ್ದರಿಂದ ಮನೆಯಲ್ಲಿ ಏನೆಂದು ಕರೆಯುತ್ತಾರೆಂದು ತಾಯಿಯ ಬಾಯಿಂದಲೇ ಕೇಳಿ, ಅದೇ ದಿನ ಮೂರ್ನಾಲ್ಕು ಸಲ ತರಗತಿಯಲ್ಲಿ ಹೇಳಿ ರೂಢಿಸಿಕೊಳ್ಳಬೇಕು. ಮಗುವನ್ನು ಕರಿಹಲಗೆಯ ಮುಂದೆ ನಿಲ್ಲಿಸಿ 'ನಿನ್ನ ಬಗ್ಗೆ ಹೇಳು' ಎನ್ನುವುದು ಬೇಡ. ನಲವತ್ತು ಜೋಡಿ ಕಣ್ಣಿನೆದುರು ದೊಡ್ಡವರಿಗೇ ಮಾತು ಹೊರಡುವುದಿಲ್ಲ.

ಎರಡನೆಯ ದಿನದಿಂದ ಜೊತೆಗಾರರನ್ನು ಗೊತ್ತುಮಾಡಬೇಕು. ತರಗತಿಯ ಅತಿ ಜಾಣ ವಿದ್ಯಾರ್ಥಿಯನ್ನು ಆರಿಸುವುದು ನಮ್ಮ ಅಭ್ಯಾಸ, ಆದರೆ ಬೇಕಾದುದು ಹರಟುವ ಮಗು. ಶೌಚಾಲಯ ಎಲ್ಲಿದೆ, ಯಾವ ನಲ್ಲಿಯಲ್ಲಿ ನೀರು ಬರುವುದಿಲ್ಲ, ಲಗೋರಿ ಆಟಕ್ಕೆ ಯಾರನ್ನು ಕೇಳಬೇಕು ಎಂಬುದನ್ನೆಲ್ಲ ಅದೇ ಹೇಳಬಲ್ಲದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪುಗಳಲ್ಲಿ ಚಟುವಟಿಕೆಯಿಂದ ಕಲಿಯುವ ನಲಿಕಲಿ ಪದ್ಧತಿಯಲ್ಲಿ ಈ ಕೆಲಸ ಇನ್ನೂ ಸುಲಭ: ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನಿರುವ ಮೈಲಿಗಲ್ಲಿನಿಂದ ಮುಂದೆ ಸಾಗುವುದರಿಂದ 'ನೀನು ಹಿಂದೆ ಬಿದ್ದಿದ್ದೀಯ' ಎನ್ನುವ ಪ್ರಸಂಗವೇ ಬಾರದು, ಸಹಪಾಠಿಯ ನೆರವಿನಿಂದ ಕಲಿಯುವ 'ತಟ್ಟೆ' ಎಂಬ ಗುಂಪಂತೂ ಇದ್ದೇ ಇದೆ.

ಇಷ್ಟಾದ ಮೇಲೆ ಮಗುವಿಗೊಂದು ಕೆಲಸ ಒಪ್ಪಿಸಬೇಕು, ಅದೂ ನಿಜವಾಗಿ ಬೇಕಾದ ಕೆಲಸ. ಹೂ ಕೊಟ್ಟು ಚಪ್ಪಾಳೆ ತಟ್ಟಿಸುವ ಸ್ವಾಗತಕ್ಕಿಂತ ಸೀಮೆಸುಣ್ಣದ ಡಬ್ಬಿಯ ಉಸ್ತುವಾರಿಯನ್ನೇ ನಾನು ನಂಬುತ್ತೇನೆ. ಕಾಫಿ ತೋಟದಿಂದ ಮರಳಿದ್ದ ಹುಡುಗಿಯೊಬ್ಬಳಿಗೆ ಬಿಸಿಯೂಟದ ತಟ್ಟೆ ಎಣಿಸುವುದನ್ನು ವಹಿಸಿದ್ದೆವು. ಮೊದಲ ದಿನ ಬೆರಳು ಮಡಿಸುತ್ತ ಮೆಲ್ಲಗೆ ಎಣಿಸಿದಳು. ವಾರ ಕಳೆಯುವಷ್ಟರಲ್ಲಿ, 'ಎರಡು ತಟ್ಟೆ ಕಮ್ಮಿ ಐತೆ, ಯಾರು ಒಯ್ದೀರಿ?' ಎಂದು ಏಳನೇ ತರಗತಿಯವರನ್ನೇ ಗದರಿಸಿದಳು. ಅವಳ ಪಾಟಿಚೀಲ ಆ ಹೊತ್ತಿಗೆ ಕಿಟಕಿಯ ಮೊಳೆಗೆ ತೂಗುತ್ತಿತ್ತು.

ಮಾತಿನ ತೊಡಕಿಗೂ ದಾರಿಯಿದೆ. ಆಂಧ್ರದ ಗಡಿಗೆ ತಾಗಿದ ಮೊಳಕಾಲ್ಮುರಿನ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಹಲಗೆಯ ಮೇಲೆ 'ನೀರು' ಎಂದು ಬರೆದು, ಅದರ ಕೆಳಗೆ 'ಪಾಣಿ', 'ನೀಳ್ಳು' ಎಂದು ಮಕ್ಕಳಿಂದಲೇ ಹೇಳಿಸಿ ಬರೆಯಬೇಕು. ಹಾಗೆಯೇ ಊರಿನ ಕತೆಯನ್ನೂ ಮಕ್ಕಳೇ ಹೇಳಲಿ. ಓಬವ್ವನ ಕಿಂಡಿಯನ್ನು ನೋಡದ ಮಗುವಿಗೆ ದುರ್ಗದ ಮಗು ಒನಕೆ ಬೀಸುವ ಅಭಿನಯದೊಂದಿಗೆ ಕತೆ ಹೇಳಿದ ಮೇಲೆ, 'ನಿಮ್ಮೂರಲ್ಲಿ ಏನೈತೆ?' ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಆಗ ಉತ್ತರ ಹೇಳುವ ಸರದಿ ಹೊಸ ಮಗುವಿನದು.

ಮನೆಯಲ್ಲಿ ಪೋಷಕರು 'ಏನು ಕಲಿತೆ?' ಎಂಬುದಕ್ಕೆ ಮೊದಲು 'ಯಾರ ಪಕ್ಕ ಕೂತು ಉಂಡೆ?' ಎಂದು ಕೇಳಲಿ. ಒಂದೇ ಹೆಸರು ಎರಡು ದಿನ ಬಂದರೆ ಗಾಬರಿಪಡಬೇಕಿಲ್ಲ. ಹದಿನೈದು ದಿನ ಕಳೆದರೂ ಯಾರ ಹೆಸರೂ ಬಾರದಿದ್ದರೆ ಮಾತ್ರ ಶಾಲೆಗೆ ಹೋಗಿ ಶಿಕ್ಷಕರೊಡನೆ ಮಾತಾಡಬೇಕು.

ಬೀಳ್ಕೊಡುಗೆಯನ್ನು ಮಾತ್ರ ನಾವು ಮರೆತೇಬಿಡುತ್ತೇವೆ. ಸೋಮವಾರ ಬೆಂಚು ಖಾಲಿಯಿದ್ದಾಗಲೇ ಮಗು ಹೋದದ್ದು ತಿಳಿಯುತ್ತದೆ. ಹೊರಡುವ ಸುದ್ದಿ ಮೊದಲೇ ಸಿಕ್ಕರೆ, ಯಾವ ಪಾಠದವರೆಗೆ ಕಲಿತಿದೆ, ಯಾವ ಲೆಕ್ಕದಲ್ಲಿ ತಡವರಿಸುತ್ತದೆ, ಯಾವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ ಎಂದು ಮುಂದಿನ ಶಿಕ್ಷಕರಿಗೆ ಅರ್ಧ ಪುಟ ಬರೆದು, ಜೊತೆಗಾರರ ಹೆಸರುಗಳನ್ನು ಅವರ ಕೈಯಿಂದಲೇ ಬರೆಸಿ ಚೀಲದಲ್ಲಿಡಬೇಕು. ಯುಗಾದಿಯ ಹೊತ್ತಿಗೆ ಮರಳುವ ಮಗುವಾದರೆ ತಟ್ಟೆ ಎಣಿಸುವ ಕೆಲಸವನ್ನು ಬೇರೆಯವರಿಗೆ 'ಅವಳು ಬರುವವರೆಗೆ' ಎಂದು ಹೇಳಿಯೇ ಒಪ್ಪಿಸಬೇಕು, ಅದೂ ಅವಳ ಎದುರಿಗೇ.